ಕೌದಿಯಲ್ಲಿ ನಾಲ್ಕು ತಪ್ಪು: ಬಿಚ್ಚಿ ಹೊಲಿಯಲೇ, ಹಾಗೇ ಬಿಡಲೇ?

ಪ್ರಶ್ನೆ (ಗುಬ್ಬಿಯಿಂದ)

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗುವಿಗೆ ಕೌದಿ ಹೊಲಿಯುತ್ತಿದ್ದೇನೆ. ಇನ್ನು ಒಂಬತ್ತು ದಿನಕ್ಕೆ ನಾಮಕರಣ. ಬಟ್ಟೆಯೆಲ್ಲ ನಮ್ಮಜ್ಜಿಯ ಸೀರೆಗಳದ್ದು. ಅಜ್ಜಿ ಈಗಿಲ್ಲ. ಅವರ ಸೀರೆಗೆ ಕತ್ತರಿ ಹಾಕೋಕೇ ನನಗೆ ಒಂದು ತಿಂಗಳು ಬೇಕಾಯಿತು.

6.5 ಇಂಚಿನ 42 ತುಂಡುಗಳು, ಅಗಲಕ್ಕೆ 6, ಉದ್ದಕ್ಕೆ 7. ಕಾಲು ಇಂಚು ಒಳಗೆ ಬಿಟ್ಟು ಮಿಷನ್ನಿನಲ್ಲಿ ಜೋಡಿಸಿದೆ. ಮಧ್ಯೆ ಹಳೇ ಪಂಚೆ ಎರಡು ಪದರ, ಹಿಂದೆ ಇನ್ನೊಂದು ಪಂಚೆ. ಮೂರನ್ನೂ ಸೇರಿಸಿ ಕೈಯಲ್ಲೇ ಸಾಲು ಹೊಲಿಗೆ ಹಾಕಿದ್ದೇನೆ. ಅಂಚುಪಟ್ಟಿ ಇನ್ನೂ ಕೂರಿಸಿಲ್ಲ.

ನಿನ್ನೆ ಮಂಚದ ಮೇಲೆ ಹರಡಿ ನೋಡಿದರೆ ಎದೆ ಧಸಕ್ಕೆಂದಿತು. ಅಜ್ಜಿಯ ಧಾರೆ ಸೀರೆಯ ತುಂಡು ತಲೆಕೆಳಗಾಗಿದೆ, ಮಾವಿನಕಾಯಿ ಬುಟ್ಟಾ ಎಲ್ಲ ಕೆಳಗೆ ಮುಖ ಮಾಡಿವೆ. ಹಿಂದಿನ ಪಂಚೆಯಲ್ಲಿ ಹೆಬ್ಬೆರಳುದ್ದ ನೆರಿಗೆ ಸಿಕ್ಕಿಕೊಂಡಿದೆ. ಒಂದು ಜೋಡಣೆಯಲ್ಲಿ ಬಟ್ಟೆ ಸರಿಯಾಗಿ ಸಿಕ್ಕಿಲ್ಲ, ಎಳೆದರೆ ಬಾಯಿ ಬಿಡುತ್ತದೆ. ಕೈಹೊಲಿಗೆ ಮೊದಲ ಸಾಲುಗಳಲ್ಲಿ ಉದ್ದುದ್ದ, ಆಮೇಲೆ ಸಣ್ಣ. ಅಮ್ಮ "ತಲೆಕೆಳಗಾದದ್ದು ದೃಷ್ಟಿಬೊಟ್ಟು ಅಂದ್ಕೋ, ಬಿಡು" ಅನ್ನುತ್ತಾರೆ. ನನಗೆ ನಿದ್ದೆ ಬರುತ್ತಿಲ್ಲ. ಪೂರ್ತಿ ಬಿಚ್ಚಲೇ?

ಉತ್ತರ (ಚಿಂತಾಮಣಿಯಿಂದ)

ತಂಗಿ, ಬಿಚ್ಚಬೇಡ. ಮೊದಲು ಬ್ಲೇಡ್ ದೂರ ಇಡು.

ನಮ್ಮ ಕಡೆ ಕೌದಿಯನ್ನು ಬೊಂತೆ ಅಂತೀವಿ. ನಾನು ಹೊಲಿಯಲು ಶುರು ಮಾಡಿ ಇಪ್ಪತ್ತು ವರ್ಷವಾಯಿತು. ಯಾವ ತಪ್ಪು ಕಂಡರೂ ನಾನು ಕೇಳಿಕೊಳ್ಳುವುದು ಇದನ್ನೇ: ಒಗೆದರೆ ಇದು ದೊಡ್ಡದಾಗುತ್ತಾ? ಮಗುವಿಗೆ ಚುಚ್ಚುತ್ತಾ, ಸಿಕ್ಕಿಕೊಳ್ಳುತ್ತಾ? ಎರಡೂ ಇಲ್ಲ ಅಂದರೆ ಅದು ಕಣ್ಣಿಗೆ ಮಾತ್ರ ಸಂಬಂಧಪಟ್ಟದ್ದು. ಅದಕ್ಕೆ ಅವಸರವಿಲ್ಲ.

ಬಾಯಿ ಬಿಡುವ ಜೋಡಣೆಯನ್ನು ಇವತ್ತೇ ಸರಿ ಮಾಡು. ಅದಕ್ಕೂ ಮೊದಲು ಎಲ್ಲ ಜೋಡಣೆಗಳನ್ನೂ ಎರಡು ಹೆಬ್ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದು ನೋಡು. ಒಂದು ಕಡೆ ಸಡಿಲ ಇದ್ದರೆ ಇನ್ನೂ ಎಲ್ಲಾದರೂ ಇರುತ್ತದೆ. ಅಂಥ ಕಡೆ ಮೇಲೊಂದು ತೇಪೆ ಹಾಕು. ನಾಲ್ಕೂ ಬದಿ ಕಾಲು ಇಂಚು ಒಳಗೆ ಮಡಚಿ, ಜೋಡಣೆಯ ಆಚೆ ಈಚೆ ಕನಿಷ್ಠ ಒಂದಿಂಚು ಗಟ್ಟಿ ಬಟ್ಟೆ ಸಿಗುವಂತೆ ಸಣ್ಣಗೆ ಹೊಲಿ. ಇದು ಮುಚ್ಚುಮರೆ ಮಾಡುವ ಕೆಲಸ ಅಂದುಕೊಳ್ಳಬೇಡ. ಕೌದಿ ಹುಟ್ಟಿದ್ದೇ ತೇಪೆಯಿಂದ. ಹಳೇ ಬೊಂತೆಗಳಲ್ಲಿ ತೇಪೆಯ ಮೇಲೆ ತೇಪೆ ಇರುತ್ತೆ, ಅಲ್ವಾ?

ಹೊಲಿಗೆ ಉದ್ದವಾಗಿದೆ ಅಂದೆಯಲ್ಲ, ಅದನ್ನು ಅಳತೆ ಮಾಡಿ ನೋಡು. ನನ್ನ ಲೆಕ್ಕದಲ್ಲಿ ಕಾಲು ಇಂಚಿನೊಳಗೆ ಇದ್ದರೆ ತೊಂದರೆಯಿಲ್ಲ. ಅರ್ಧ ಇಂಚಾದರೆ ಮಗುವಿನ ಕಾಲುಬೆರಳು, ಗೆಜ್ಜೆ ಸಿಕ್ಕಿಕೊಳ್ಳುತ್ತವೆ. ಅಂಥ ಸಾಲನ್ನು ಮೊದಲೇ ಬಿಚ್ಚಬೇಡ. ಪಕ್ಕದಲ್ಲೇ ಇನ್ನೊಂದು ಸಾಲು ಸಣ್ಣಗೆ ಹಾಕಿ, ಅದು ಹಿಡಿದ ಮೇಲೆ ಹಳೆಯದನ್ನು ಕಿತ್ತುಬಿಡು. ಪದರ ಅಲುಗಾಡುವುದಿಲ್ಲ. ಕಿತ್ತ ದಾರ ಒಂದೆಳೆಯೂ ಉಳಿಯಬಾರದು. ಎಳೆಗೂಸಿನ ಬೆರಳಿಗೆ ದಾರ ಸುತ್ತಿಕೊಂಡರೆ ರಕ್ತ ಓಡಾಡುವುದಿಲ್ಲ.

ನೆರಿಗೆ ಅಂಚಿನಿಂದ ಎಷ್ಟು ದೂರ ಇದೆ?

ಪ್ರಶ್ನೆ ಕೇಳಿದವರು

ಅಕ್ಕ, ಸುಮಾರು 8 ಇಂಚು. ನಡುವೆ ನಾಲ್ಕು ಸಾಲು ಬರುತ್ತವೆ.

ಚಿಂತಾಮಣಿಯಿಂದ

ಅಂಚುಪಟ್ಟಿ ಕೂರಿಸಿಲ್ಲದ್ದು ಒಳ್ಳೇದಾಯಿತು. ನೆರಿಗೆಯಿಂದ ಅಂಚಿನವರೆಗೆ ಆ ನಾಲ್ಕು ಸಾಲು ಮಾತ್ರ ಬಿಚ್ಚು. ದಾರ ಹಿಡಿದು ಎಳೆಯಬೇಡ, ಹಳೇ ಸೀರೆ ಹರಿಯುತ್ತದೆ. ಹಿಂದಿನಿಂದ ಮೂರು ನಾಲ್ಕು ಹೊಲಿಗೆಗೊಂದರಂತೆ ಕತ್ತರಿಸಿ ತುಂಡುಗಳನ್ನು ಎತ್ತು. ಕೌದಿಯನ್ನು ನೆಲದ ಮೇಲೆ ಬೋರಲು ಹಾಕಿ, ಅಂಗೈಯಿಂದ ಹೆಚ್ಚಿನ ಬಟ್ಟೆಯನ್ನು ಅಂಚಿನ ಕಡೆ ಸವರುತ್ತಾ ಹೋಗು. ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚಿಬಿಡುವ ಉದ್ದ ಹೊಲಿಗೆ) ಹಾಕಿ ಹಿಡಿಸಿದ ಮೇಲೆ ಮತ್ತೆ ಸಾಲು ಹಾಕು. ಉಳಿದ ಹಳೇ ಹೊಲಿಗೆಯ ಮೇಲೆ ಒಂದಿಂಚು ಹೊಸದು ಹತ್ತಿ ಕೂರಬೇಕು, ಇಲ್ಲದಿದ್ದರೆ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ.

ಮುಂದಿನ ಸಲ ಹಿಂದಿನ ಬಟ್ಟೆಯನ್ನು ನೆಲಕ್ಕೆ ಬಿಗಿಯಾಗಿ ಹರಡಿ ನಾಲ್ಕು ಮೂಲೆಗೂ ಭಾರ ಇಡು. ಕಚ್ಚಾ ಹೊಲಿಗೆ ನಡುವಿನಿಂದ ಹೊರಕ್ಕೆ ಬರಲಿ. ನೆರಿಗೆ ಬೀಳುವುದು ಬಹುಪಾಲು ಇಲ್ಲೇ.

ಶಿಡ್ಲಘಟ್ಟದಿಂದ

ಧಾರೆ ಸೀರೆಯ ಬಗ್ಗೆ ಒಂದು ಮಾತು. ಅದು ರೇಷ್ಮೆಯಾ? ರೇಷ್ಮೆಯಾದರೆ ಮುಟ್ಟಲೇಬೇಡಿ. ಹತ್ತಿಯಲ್ಲಿ ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ನೀರು ಹಾಕಿ ಉಗುರಿನಿಂದ ಉಜ್ಜಿದರೆ ಮುಚ್ಚಿಕೊಳ್ಳುತ್ತದೆ. ರೇಷ್ಮೆಯಲ್ಲಿ ತೂತು ಹಾಗೇ ಉಳಿಯುತ್ತದೆ. ಹಳೇ ರೇಷ್ಮೆಯಂತೂ ಎಳೆ ಸೊರಗಿರುತ್ತದೆ, ಎರಡನೇ ಸಲ ಹೊಲಿದರೆ ಸೂಜಿ ಹೋದ ದಾರಿಯಲ್ಲೇ ಪಿಸಿದುಹೋಗುತ್ತದೆ. ನಮ್ಮೂರು ರೇಷ್ಮೆ ಊರು, ಇಂಥ ಸೀರೆ ತಿದ್ದಲು ಹೋಗಿ ಹಾಳಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಜರಿ ಇದೆಯಾ ಅದನ್ನೂ ನೋಡಿ. ಕತ್ತರಿಸಿದ ಜರಿಯ ತುದಿ ಮೇಲೆ ಬಂದರೆ ಮಗುವಿನ ಚರ್ಮ ಗೀರುತ್ತದೆ.

ತುಮಕೂರಿನಿಂದ

ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಒಮ್ಮೆ ನೋಡಿ. ಒಂದು ಮೂಲೆಯಲ್ಲಿ ಶುರು ಮಾಡಿ, ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ತುಂಡುಗಳು ಒಂದರಂತೆ ಒಂದಿಲ್ಲ. ಕೈಗೆ ಸಿಕ್ಕ ಬಟ್ಟೆ ಎಲ್ಲಿ ಒಪ್ಪುತ್ತದೋ ಅಲ್ಲಿ ಕೂರುತ್ತದೆ. ಅಲ್ಲಿ ತಲೆಕೆಳಗು ಅನ್ನುವ ಮಾತೇ ಏಳುವುದಿಲ್ಲ. ನಿಮ್ಮ ಕೌದಿಯನ್ನು ಮಗುವಿನ ಕೆಳಗೆ ಹಾಸುತ್ತೀರಿ ಅಲ್ವಾ? ತೊಟ್ಟಿಲಿನ ಆ ಕಡೆಯಿಂದ ನೋಡುವವರಿಗೆ ಆ ಒಂದು ತುಂಡೇ ನೆಟ್ಟಗೆ ಕಾಣುತ್ತದೆ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ನಂತರ)

ನೆರಿಗೆ ಹೋಯಿತು. ಅಂಚಿನಲ್ಲಿ ಅರ್ಧ ಇಂಚು ಪಂಚೆ ಹೊರಗೆ ಬಂತು, ಕತ್ತರಿಸಿದೆ. ಹೆಬ್ಬೆರಳಲ್ಲಿ ಎಳೆದು ನೋಡಿದಾಗ ಇನ್ನೂ ಎರಡು ಜೋಡಣೆ ಸಡಿಲ ಸಿಕ್ಕವು! ಮೂರಕ್ಕೂ ಅಜ್ಜಿಯ ದಿನಬಳಕೆಯ ಹತ್ತಿ ಸೀರೆಯಿಂದಲೇ ತೇಪೆ ಹಾಕಿದೆ. ಉದ್ದ ಹೊಲಿಗೆಯ ಐದು ಸಾಲು ಬದಲಾಯಿಸಿದೆ. ಧಾರೆ ಸೀರೆ ರೇಷ್ಮೆಯೇ. ಬುಟ್ಟಾ ದಾರದ್ದು, ಜರಿ ಇಲ್ಲ. ಅದನ್ನು ಬಿಟ್ಟಿದ್ದೇನೆ. ಅಮ್ಮನಿಗೆ ಹೇಳಿದೆ, ಅವರು ಆ ತುಂಡಿನ ಮೇಲೆ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡು ಕೂತಿದ್ದರು.

ಒಂದೇ ಅನುಮಾನ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಕೆಂಪು ತುಂಡು ಸ್ವಲ್ಪ ಬಣ್ಣ ಬಿಟ್ಟಿತು. ಕೊಡುವ ಮೊದಲು ಒಗೆಯಬೇಕು. ಉಪ್ಪುನೀರಿನಲ್ಲಿ ನೆನೆಸಿದರೆ ನಿಲ್ಲುತ್ತಾ?

ಚಿಂತಾಮಣಿಯಿಂದ

ನಿಲ್ಲುವುದಿಲ್ಲ. ಒಮ್ಮೆ ಬಣ್ಣ ಹಾಕಿ ಮುಗಿದ ಬಟ್ಟೆಗೆ ಉಪ್ಪು, ವಿನೆಗರ್ ಏನೂ ಮಾಡುವುದಿಲ್ಲ. ದೊಡ್ಡ ಟಬ್ಬಿನಲ್ಲಿ ತಣ್ಣೀರು ಜಾಸ್ತಿ ಹಾಕಿ, ಸ್ವಲ್ಪ ಅಂಟುವಾಳದ ನೀರು ಬೆರೆಸು. ರೇಷ್ಮೆಗೂ ಒಳ್ಳೇದು. ಮುದುರಿ ನೆನೆಹಾಕಬೇಡ, ಅಲ್ಲಾಡಿಸಿ ಬೇಗ ತೆಗೆ. ಪಕ್ಕದ ತುಂಡಿಗೆ ಕೆಂಪು ಹತ್ತಿದರೆ ಒಣಗಲು ಬಿಡಬೇಡ. ಒದ್ದೆ ಇರುವಾಗಲೇ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಜಾಲಿಸು, ಒಣಗಿದ ಮೇಲೆ ಕಲೆ ತೆಗೆಯುವುದು ಕಷ್ಟ. ಆಮೇಲೆ ನೆರಳಲ್ಲಿ ಚಪ್ಪಟೆಯಾಗಿ ಹರಡಿ ಒಣಗಿಸು. ಒದ್ದೆ ಕೌದಿ ಭಾರ ಇರುತ್ತದೆ, ತಂತಿಗೆ ನೇತುಹಾಕಿದರೆ ಹೊಸ ತೇಪೆ ಜಗ್ಗುತ್ತದೆ. ನಿಮ್ಮ ಕಡೆ ಮೋಡ ಇದ್ದರೆ ಎರಡು ದಿನ ಬೇಕಾಗಬಹುದು. ನಾಳೆಯೇ ಒಗೆದುಬಿಡು.