ಹಳೆಯ ಸ್ಯಾನ್ ಸ್ಟಾರ್ಮ್ ಸುಧಾರಿಸಲೇ, ಬೇರೆ ಕಾರು ಕೊಳ್ಳಲೇ?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ):
ನನ್ನ ಬಳಿ ಗೋವಾದಲ್ಲಿ ತಯಾರಾದ, ಎರಡೇ ಆಸನಗಳ ಸ್ಯಾನ್ ಸ್ಟಾರ್ಮ್ ಇದೆ. 1,149 ಸಿಸಿಯ ರೆನೋ ಎಂಜಿನ್ ಸುಮಾರು 60 ಅಶ್ವಶಕ್ತಿಯಷ್ಟನ್ನೇ ಕೊಡುವುದರಿಂದ ಚೋರ್ಲಾ ಘಾಟಿಯ ಏರಿನಲ್ಲಿ ಲಾರಿಯನ್ನು ಹಿಂದಿಕ್ಕಲೂ ಎರಡು ಸಲ ಯೋಚಿಸಬೇಕಾಗುತ್ತದೆ. ದೊಡ್ಡ ಎಂಜಿನ್ ಕೂರಿಸಲೇ ಅಥವಾ ಇದನ್ನು ಮಾರಿ 2007ರ ಪೋರ್ಷೆ ಬಾಕ್ಸ್‌ಸ್ಟರ್ ಕೊಳ್ಳಲೇ?

ಉತ್ತರ 1 (ಬಾಗಲಕೋಟೆ):
ಎಂಜಿನ್ ಬದಲಾವಣೆಯ ಆಸೆಯನ್ನು ಬಿಡುವುದು ಒಳಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಹೇಗೂ ತಪಾಸಣೆಗೆ ನಿಲ್ಲಬೇಕು. ಫೈಬರ್ ಮೈಗೆ ತುಕ್ಕಿನ ಕಾಟವಿಲ್ಲ, ಆದರೆ ಅದರಡಿಯ ಉಕ್ಕಿನ ಚೌಕಟ್ಟಿಗೆ ಇದೆ. ಮೊದಲು ಅದನ್ನು ನೋಡಿಸಿ, ಬಳಿಕ ಬ್ರೇಕ್, ಬುಷ್, ಟೈರುಗಳಿಗೆ ಹಣ ಹಾಕಿ.

ಉತ್ತರ 2 (ವಿಜಯಪುರ):
ಬಾಕ್ಸ್‌ಸ್ಟರ್ ಕೊಳ್ಳುವುದಾದರೆ 2009ಕ್ಕಿಂತ ಹಿಂದಿನದಕ್ಕೆ ಕೈ ಹಾಕುವ ಮುನ್ನ ಆಯಿಲ್ ಫಿಲ್ಟರನ್ನು ಸೀಳಿಸಿ ನೋಡಿ. ಅದರಲ್ಲಿ ಲೋಹದ ಹೊಳಪು ಕಂಡರೆ, ಆ ತಲೆಮಾರಿನ ಎಂಜಿನ್ನುಗಳ ಕುಖ್ಯಾತ ಇಂಟರ್‌ಮೀಡಿಯೇಟ್ ಶಾಫ್ಟ್ (ಎಂಜಿನ್ನಿನೊಳಗೆ ತಿರುಗುವ ಒಂದು ದಂಡ) ಬೇರಿಂಗ್ ಸವೆಯುತ್ತಿರಬಹುದು. ಅದು ಮುರಿದರೆ ಎಂಜಿನ್ನೇ ಹೋಯಿತೆಂದು ತಿಳಿಯಿರಿ. 2009ರ ಮಾದರಿಯಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ.

ಪ್ರಶ್ನೆ ಕೇಳಿದವರು:
ಚೌಕಟ್ಟನ್ನು ಈ ವಾರವೇ ಎತ್ತಿಸಿ ನೋಡುತ್ತೇನೆ. ಅದು ಗಟ್ಟಿಯಿದ್ದರೆ ಸ್ಟಾರ್ಮ್ ಮನೆಯಲ್ಲೇ ಉಳಿಯುತ್ತದೆ. ಲಾರಿಗಳು ಮುಂದೆ ಹೋಗಲಿ.