ಗುಜರಿಯಲ್ಲಿ ಸಿಕ್ಕಿದ ಹಳೇ ಹಕ್ಕಿ ಪುಸ್ತಕ, ಚಿತ್ರ ಕತ್ತರಿಸಿ ಮಾರುದಾ ಹಾಗೇ ಇಡುದಾ?

ಕಂಕನಾಡಿ ಕೆಂಬೂತ
ಎಲ್ಲರಿಗೂ ನಮಸ್ಕಾರ. ಬಂದರಿನ ಹತ್ರ ಒಬ್ರು ಗುಜರಿಯವರ ಪರಿಚಯ ಉಂಟು, ಹಳೇ ಮನೆ ಒಡೆದು ಪುಸ್ತಕ ಬಂದ್ರೆ ಫೋನ್ ಮಾಡ್ತಾರೆ. ಹೋದ ವಾರ ಹೋದ್ರೆ ಪಂಚಾಂಗ, ರಟ್ಟು ಕಿತ್ತ ಡಿಕ್ಷನರಿ ಎಲ್ಲದರ ಅಡಿಯಲ್ಲಿ ಹ್ಯೂಮ್ ಮತ್ತು ಮಾರ್ಷಲ್ ಅವರ 'ಗೇಮ್ ಬರ್ಡ್ಸ್ ಆಫ್ ಇಂಡಿಯಾ, ಬರ್ಮಾ ಆಂಡ್ ಸಿಲೋನ್', ಮೊದಲನೇ ವಾಲ್ಯೂಮ್ ಮಾತ್ರ, ಕಲ್ಕತ್ತಾ 1879. ನವಿಲು, ಕಾಡುಕೋಳಿ ಎಲ್ಲ ಬಣ್ಣದ ಚಿತ್ರ, ನೋಡಿ ಕೈ ನಡುಗಿತು ಮಾರಾಯ್ರೆ. 300 ರೂಪಾಯಿಗೆ ಕೊಟ್ರು. ಈಗ ಒಬ್ಬ ವ್ಯಾಪಾರಿ, ಒಂದೇ ವಾಲ್ಯೂಮ್ ಯಾರಿಗೆ ಬೇಕು, ಚಿತ್ರ ಕತ್ತರಿಸಿ ಕೊಡಿ ಫ್ರೇಮ್ ಹಾಕಿ ಮಾರುವ ಅಂತ ಹಿಂದೆ ಬಿದ್ದಿದ್ದಾನೆ. ಎಂತ ಮಾಡುದು? ಮತ್ತೆ ಇದು ಒರಿಜಿನಲ್ಲಾ ಅಂತ ಹೇಗೆ ಗೊತ್ತಾಗುದು?

ಮಣಿಪಾಲ ಮಿಂಚುಳ್ಳಿ
ಕತ್ತರಿ ದೂರ ಇಡಿ ಮೊದಲು!! ಒಮ್ಮೆ ಕತ್ತರಿಸಿದ್ರೆ ಪುಸ್ತಕ ಅಂತ ಒಂದು ಇರುದಿಲ್ಲ. ಒರಿಜಿನಲ್ಲಾ ಅಂತ ನೋಡ್ಲಿಕ್ಕೆ ಒಂದು ಭೂತಗನ್ನಡಿ ಸಾಕು. ಈಗಿನ ಆಫ್‌ಸೆಟ್ ಪ್ರಿಂಟಾದ್ರೆ ಬಣ್ಣದ ಚುಕ್ಕಿಗಳು ಸಾಲಾಗಿ ಹೂವಿನ ಹಾಗೆ ಕೂತಿರ್ತವೆ. ನಿಮ್ಮದು ಕ್ರೋಮೋಲಿಥೋ, ಅಂದ್ರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಚುಕ್ಕಿ ಇದ್ರೂ ಅಡ್ಡಾದಿಡ್ಡಿ, ಕೆಲವು ಕಡೆ ಬಣ್ಣ ಗೆರೆ ದಾಟಿ ಹೋಗಿರ್ತದೆ. (ಕಲ್ಲಚ್ಚು ನಮ್ಮ ಊರಿಗೆ ಹೊಸತೇನಲ್ಲ, 1843ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರ ಸಮಾಚಾರ ತೆಗೆದದ್ದು ಕಲ್ಲಚ್ಚಿನಲ್ಲೇ.) ಅದಕ್ಕಿಂತ ಹಿಂದಿನದ್ರಲ್ಲಿ, ಗೂಲ್ಡ್ ಅವರ 1830ರ ಹೊತ್ತಿನ ಹಿಮಾಲಯದ ಹಕ್ಕಿಗಳ ಪುಸ್ತಕ ಹೇಳುವ, ಕಪ್ಪು ಗೆರೆ ಮಾತ್ರ ಕಲ್ಲಿಂದ, ಬಣ್ಣ ಪ್ರತಿಯೊಂದಕ್ಕೂ ಕೈಯಲ್ಲೇ ಹಚ್ಚಿದ್ದು.

ಮತ್ತೆ ಚಿತ್ರ ಎಣಿಸಿ. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅಂತ ಆನ್‌ಲೈನ್ ಲೈಬ್ರರಿ ಉಂಟಲ್ಲ, ಅದರಲ್ಲಿ ಇದರ ಸ್ಕ್ಯಾನ್ ಫ್ರೀ ಉಂಟು, ಪಕ್ಕದಲ್ಲಿ ತೆರೆದಿಟ್ಟು ಒಂದೊಂದೇ ಟ್ಯಾಲಿ ಮಾಡಿ. ರೇಟ್ ಮಾತೆಲ್ಲ ಆಮೇಲೆ.

ಕುಂದಾಪುರದ ಕೊಕ್ಕರೆ
ನಾನು ಸ್ವಲ್ಪ ಉಲ್ಟಾ ಹೇಳ್ತೇನೆ ಬೇಜಾರು ಮಾಡ್ಬೇಡಿ. ಹೊಲಿಗೆ ಪೂರ್ತಿ ಹೋಗಿ ಹುಳ ತಿಂದದ್ದಾದ್ರೆ ಚಿತ್ರ ಆದ್ರೂ ಉಳೀಲಿ ಅಲ್ವಾ. ಹ್ಯೂಮ್‌ಗೇ ಆ ಚಿತ್ರಗಳು ಎಲ್ಲ ಇಷ್ಟ ಆಗಿರ್ಲಿಲ್ಲ, ಪುಸ್ತಕದಲ್ಲೇ ಬೈದುಕೊಂಡಿದ್ದಾರೆ. ಕಾಂಗ್ರೆಸ್ ಕಟ್ಟಿದ ಅದೇ ಹ್ಯೂಮ್. ಅವರು ವರ್ಷಗಟ್ಲೆ ಬರೆದಿಟ್ಟ ಹಕ್ಕಿ ಟಿಪ್ಪಣಿಯನ್ನು ಶಿಮ್ಲಾದಲ್ಲಿ ಕೆಲಸದವ ರದ್ದಿಗೆ ಮಾರಿಬಿಟ್ಟ, ಆಮೇಲೆ 1885ರಲ್ಲಿ ಹಕ್ಕಿ ಚರ್ಮ, ಮೊಟ್ಟೆಗಳ ಸಂಗ್ರಹ ಎಲ್ಲ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ರು. ಪುಸ್ತಕವೂ ಗುಜರಿಗೇ ಬಂತು ನೋಡಿ, ಹಣೆಬರಹ.

ಮಣಿಪಾಲ ಮಿಂಚುಳ್ಳಿ
@ಕೊಕ್ಕರೆ ಹೊಲಿಗೆ ಹೋದ್ರೆ ಹೊಲಿಸ್ಬಹುದು, ಕತ್ತರಿಸಿದ್ದು ಸೇರಿಸ್ಲಿಕ್ಕೆ ಆಗುದಿಲ್ಲ. ಇನ್ನೊಂದು, ಆ ಕಾಲದಲ್ಲೇ ಹಕ್ಕಿ ಪುಸ್ತಕ ಬರೆದ ಜೆರ್ಡನ್ ಅಂತ ಇನ್ನೊಬ್ರ ಹೆಸರು ನೋಡಿ ಯಾರೂ ಕುಣೀಬೇಡಿ, ಅವರ 1862-64ರ 'ಬರ್ಡ್ಸ್ ಆಫ್ ಇಂಡಿಯಾ' ಓದುವ ಪುಸ್ತಕ. 50 ಬಣ್ಣದ ಚಿತ್ರ ಇರುದು 1840ರ ದಶಕದಲ್ಲಿ ಮದ್ರಾಸಿನಲ್ಲಿ ಬಂದದ್ರಲ್ಲಿ, ಅದು ಸಿಕ್ಕಿದ್ರೆ ನನಗೆ ಮೊದಲು ಫೋನ್ ಮಾಡಿ 😀

ಮಲ್ಪೆ ಅಕ್ಕ
ತಮ್ಮಾ, ಮಳೆಗಾಲ ಬಂತು, ಮೊದಲು ಅದನ್ನು ನೋಡು. ಪ್ಲಾಸ್ಟಿಕ್ಕಲ್ಲಿ ಗಟ್ಟಿ ಸುತ್ತಿ ಇಟ್ರೆ ಒಳಗೇ ಬೆವರಿ ಬೂಸ್ಟು ಬರ್ತದೆ. ಗೋಡೆಗೆ ತಾಗಿದ ಕಪಾಟು ಬೇಡ, ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸು, ಬಿಸಿಲಿಗಂತೂ ಹಾಕ್ಲೇಬೇಡ, ಬಣ್ಣ ಹೋಗ್ತದೆ. ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಿದ್ರೆ ಹಳದಿಯಾಗಿ ಕಾಗದವನ್ನೇ ತಿಂತದೆ, ನನ್ನ ಅಜ್ಜನ ಅಟ್ಲಾಸ್ ಹಾಗೇ ಹೋದದ್ದು. ಲ್ಯಾಮಿನೇಶನ್ ಹೆಸರೇ ಎತ್ಬೇಡ. ಮತ್ತೆ ಗುಜರಿಯಿಂದ ಬಂದದ್ದನ್ನು ಸ್ವಲ್ಪ ದಿನ ಬೇರೆ ಪುಸ್ತಕದ ಹತ್ರ ಸೇರಿಸ್ಬೇಡ, ಬೆಳ್ಳಿಹುಳ ಇದ್ರೆ ಮನೆಯೆಲ್ಲ ಹಬ್ಬುದು.

ಕಂಕನಾಡಿ ಕೆಂಬೂತ
ಎಲ್ಲರಿಗೂ ಥ್ಯಾಂಕ್ಸ್. ಭೂತಗನ್ನಡಿ ಹಿಡಿದು ನೋಡಿದೆ, ಚುಕ್ಕಿ ಅಡ್ಡಾದಿಡ್ಡಿಯೇ. ವ್ಯಾಪಾರಿಗೆ ಇಲ್ಲ ಅಂದೆ. ಆದ್ರೆ ಸ್ಕ್ಯಾನ್ ಇಟ್ಟು ಎಣಿಸಿದ್ರೆ ನವಿಲಿನದ್ದು ಒಂದು ಚಿತ್ರ ಇಲ್ಲ, ಹರಿದದ್ದು ಹೊಸತಾಗಿ ಕಾಣ್ತದೆ. ಗುಜರಿಯವರಿಗೆ ಫೋನ್ ಮಾಡಿದ್ರೆ, "ಹೋ ಅದಾ, ಮಗಳು ಚಂದ ಉಂಟು ಅಂತ ಹಠ ಮಾಡಿದ್ಲು, ಮನೆಯಲ್ಲಿ ಗೋಡೆಗೆ ಅಂಟಿಸಿದ್ದೇವೆ" ಅಂತಾರೆ! ಮೈದಾ ಅಂಟಂತೆ. ಮಲ್ಪೆ ಅಕ್ಕಾ, ಬಿಡಿಸ್ಲಿಕ್ಕೆ ಆಗ್ತದಾ? ಮಗುವನ್ನು ಒಪ್ಪಿಸುದು ಹೇಗೆ ಅಂತಲೂ ಯಾರಾದ್ರೂ ಹೇಳಿ.