ಪೆನಿಸಿಲಿಯಂ ಸೊಂಪಾಗಿ ಬೆಳದದ, ಪೆನಿಸಿಲಿನ್ ಮಾತ್ರ ಬರವಲ್ದು

ಪ್ರಶ್ನೆ (ವಿಜಯಪುರ):
ನಮಸ್ಕಾರ್ರಿ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಪೆನಿಸಿಲಿನ್ ಔಷಧ ಮಾಡೋ ಶಿಲೀಂಧ್ರ ಪೆನಿಸಿಲಿಯಂ ಕ್ರೈಸೋಜೀನಮ್ ಬೆಳಸಾಕತ್ತೀನಿ. ಫ್ಲಾಸ್ಕಿನ್ಯಾಗ ಬೂಷ್ಟು ದಪ್ಪಗ ಕಟ್ಟೇದ. ಏಳನೇ ದಿನ ದ್ರಾವಣ ಸೋಸಿ ಬ್ಯಾಸಿಲಸ್ ಸಬ್ಟಿಲಿಸ್ ಅನ್ನೂ ಬ್ಯಾಕ್ಟೀರಿಯಾ ಹಚ್ಚಿದ ಪ್ಲೇಟಿನ ಬಾವಿಗೆ (ಸಣ್ಣ ತೂತಿಗೆ) ಹಾಕಿದ್ರ ಸುತ್ತ ತಿಳಿ ಉಂಗುರನ, ಅಂದ್ರ ಬ್ಯಾಕ್ಟೀರಿಯಾ ಬೆಳೀದ ಜಾಗನ, ಬರವಲ್ದು. ಅಮೈನೋ ಆಮ್ಲದಿಂದ ಪೆನಿಸಿಲಿನ್ ಆಗ್ತದ ಅಂತ ಸಿಸ್ಟೀನ್, ವ್ಯಾಲಿನ್, ಲೈಸಿನ್ ಮೂರೂ ಹಾಕೀನಿ. ಸಕ್ಕರಿ ಗ್ಲೂಕೋಸ್. ಮೂರು ಸಲ ಮಾಡಿದೆ, ಮೂರೂ ಸಲ ಹಿಂಗ.

ಉತ್ತರ (ಬಾಗಲಕೋಟೆ):
ಮೊದಲ ಲೈಸಿನ್ ಬಿಡ್ರಿ. ತೊಡಕು ಅಲ್ಲೇ ಐತಿ.

ಪೆನಿಸಿಲಿನ್ನಿಗೆ ಬೇಕಾದ ಮೂರು ತುಂಡು: ಆಲ್ಫಾ ಅಮೈನೋಅಡಿಪಿಕ್ ಆಮ್ಲ, ಸಿಸ್ಟೀನ್, ವ್ಯಾಲಿನ್. ಮೊದಲನೇದು ಶಿಲೀಂಧ್ರ ಲೈಸಿನ್ ಮಾಡೋ ಹಾದಿಯೊಳಗ ನಡುವ ಹುಟ್ಟತೈತಿ. ನಮ್ಮ ಕಾಲುವಿ ಇದ್ದಂಗ ತಿಳೀರಿ. ಒಂದು ಕವಲು ಲೈಸಿನ್ನಿಗೆ, ಇನ್ನೊಂದು ಪೆನಿಸಿಲಿನ್ನಿಗೆ. ಹೊರಗಿಂದ ಲೈಸಿನ್ ಸುರದ್ರ ಶಿಲೀಂಧ್ರ 'ಇನ್ನ ಸಾಕು' ಅಂತ ಮ್ಯಾಲಿನ ತೂಬು, ಅಂದ್ರ ಹೋಮೋಸಿಟ್ರೇಟ್ ಸಿಂಥೇಸ್ ಅನ್ನೂ ಕಿಣ್ವ, ಮುಚ್ಚಿಬಿಡತೈತಿ. ಆಗ ಎರಡೂ ಕವಲು ಒಣಗತಾವ. ಲೈಸಿನ್ ಹೆಂಗೂ ನೀವ ಕೊಟ್ಟೀರಿ, ಅದಕ್ಕ ಬೆಳವಣಿಗಿ ನಿಲ್ಲೂದಿಲ್ಲ. ಬೂಷ್ಟು ದಪ್ಪ, ಔಷಧ ಸೊನ್ನಿ.

ಮೂರು ತುಂಡು ಸಿಕ್ಕ ಮ್ಯಾಲೆ ಎಸಿವಿ ಸಿಂಥೆಟೇಸ್ ಅನ್ನೂ ದೊಡ್ಡ ಕಿಣ್ವ ಪ್ರೋಟೀನ್ ಕಟ್ಟೋ ರೈಬೋಸೋಮಿನ ಹಂಗಿಲ್ಲದ ಅವನ್ನ ಹೊಲೀತೈತಿ, ಎಲ್-ವ್ಯಾಲಿನ್ನನ್ನ ಅದರ ಕನ್ನಡಿ ರೂಪ ಡಿ-ವ್ಯಾಲಿನ್ ಮಾಡತೈತಿ. ಮುಂದಿನ ಕಿಣ್ವ ಕಬ್ಬಿಣ, ಆಕ್ಸಿಜನ್ ಹಿಡಕೊಂಡು ಅಣುವಿನೊಳಗ ಎರಡು ಉಂಗುರ ಮುಚ್ಚತೈತಿ. ಪೆನಿಸಿಲಿನ್ನಿನ ತಿರುಳಾದ ಬೀಟಾ-ಲ್ಯಾಕ್ಟಮ್ ಉಂಗುರ ಹುಟ್ಟೂದು ಅಲ್ಲೇ. ಆಕ್ಸಿಜನ್ ಬೇಕಲ್ಲ, ಅದಕ್ಕ ಕೇಳತೀನಿ: ಫ್ಲಾಸ್ಕ್ ಸುಮ್ನ ಇಟ್ಟೀರೋ, ಅಲ್ಲಾಡಿಸೋ ಶೇಕರ್ ಮ್ಯಾಲೆ ಇಟ್ಟೀರೋ?

ಉತ್ತರ (ಬೆಳಗಾವಿ):
ಗ್ಲೂಕೋಸೂ ಅಡ್ಡಿನ. ಅದು ತೀರೂತನಕ ಪೆನಿಸಿಲಿನ್ ಜೀನ್‌ಗಳು ತಲಿ ಎತ್ತೂದಿಲ್ಲ. ನಿಧಾನ ಕರಗೂ ಲ್ಯಾಕ್ಟೋಸ್ ಹಾಕ್ರಿ, ಉಷ್ಣತೆ 25 ಡಿಗ್ರಿ ಇರಲಿ. 1940ರ ದಶಕದಾಗ ಅಮೆರಿಕದ ಪಿಯೋರಿಯಾದಾಗ ಲ್ಯಾಕ್ಟೋಸ್ ಜೊತಿ ಗೋವಿನಜೋಳ ನೆನಸಿದ ನೀರು ಹಾಕಿದಾಗ ಇಳುವರಿ ಏರಿತ್ತು. ಪೆನಿಸಿಲಿನ್ನಿನ ಒಂದು ಬಗಿ ಆದ ಪೆನಿಸಿಲಿನ್ ಜಿ ಬೇಕಂದ್ರ ಫಿನೈಲ್ ಅಸಿಟಿಕ್ ಆಮ್ಲ ಸ್ವಲ್ಪ ಸ್ವಲ್ಪನ ಕೊಡ್ರಿ. ಹೆಚ್ಚಾದ್ರ ಶಿಲೀಂಧ್ರಕ್ಕ ವಿಷ. ಕಡೀ ಹಂತದಾಗ ಅಮೈನೋಅಡಿಪಿಕ್ ತುಂಡು ಕಳಚಿ ಆ ಜಾಗಕ್ಕ ಈ ಫಿನೈಲ್ ಅಸಿಟಿಕ್ ತುಂಡು ಕೂಡತೈತಿ.

ಪ್ರಶ್ನೆ ಕೇಳಿದವರು:
ಫ್ಲಾಸ್ಕ್ ಸುಮ್ನ ಕಪಾಟಿನ್ಯಾಗ ಇಟ್ಟಿದ್ದೆ. ಲೈಸಿನ್ ಬಿಟ್ಟು, ಲ್ಯಾಕ್ಟೋಸ್ ಹಾಕಿ, ಶೇಕರ್ ಮ್ಯಾಲೆ ಇಟ್ಟೆ. ನಿನ್ನೆ ಉಂಗುರ ಬಂತ್ರಿ, 14 ಮಿ.ಮೀ.! ಕಣ್ಣಾಗ ನೀರು ಬಂತು.

ಉತ್ತರ (ಬಾಗಲಕೋಟೆ):
ಭಾಳ ಖುಷಿ ಆತು. ಒಂದು ಕೆಲಸ ಉಳದೈತಿ. ಅದ ದ್ರಾವಣಕ್ಕ ಪೆನಿಸಿಲಿನ್ ಒಡಿಯೋ ಕಿಣ್ವ ಪೆನಿಸಿಲಿನೇಸ್ ಬೆರಸಿ ಇನ್ನೊಂದು ಬಾವಿಗೆ ಹಾಕ್ರಿ. ಅಲ್ಲಿ ಉಂಗುರ ಮಾಯ ಆದ್ರ ಅದು ಪೆನಿಸಿಲಿನ್ನ. ಆಗಲಿಲ್ಲಂದ್ರ ಬ್ಯಾರೆ ಏನೋ ಕೊಲ್ಲಾಕತ್ತೈತಿ, ಪಿಎಚ್ ನೋಡಿ ಇಲ್ಲೇ ಬರೀರಿ.